ಮೂರನೇ ಸಿಲಿಂಡರ್ ಮತ್ತು ಅಕ್ಕನ ಹೆಸರಿನ ಐದು ಗೆರೆ

ನಮ್ಮ ಸಣ್ಣ ಕಾರಿನ ಎಂಜಿನ್ ದೀಪ ಐದನೇ ಸಲ ಹೊತ್ತಿಕೊಂಡ ದಿನ ಅಪ್ಪ ಅಕ್ಕನಿಂದ ಕೀಲಿ ಕಸಿದುಕೊಂಡರು. ಅದಕ್ಕೆ ಸಾಕ್ಷಿ ಒದಗಿಸಿದವನು ನಾನು.

ಕಾರಿಗೆಂದೇ ಒಂದು ನೋಟುಪುಸ್ತಕ ಇಟ್ಟಿದ್ದೆ. ತಾರೀಖು, ಕಿಲೋಮೀಟರು, ಓಡಿಸಿದವರು ಯಾರು, ದೀಪ ಹೊತ್ತಿತೋ ಇಲ್ಲವೋ, ಹೀಗೆ ನಾಲ್ಕು ಕಾಲಂ. ಸ್ಟೇರಿಂಗಿನ ಕೆಳಗೆ ಸಿಕ್ಕಿಸಿ ಮೊಬೈಲಿನಲ್ಲಿ ನೋಡುವ ಪುಟ್ಟ ಸ್ಕ್ಯಾನರನ್ನೂ ತರಿಸಿದ್ದೆ. ಐದೂ ಸಲ ಅದು ತೋರಿಸಿದ್ದು ಒಂದೇ ಕೋಡ್: ಪಿ0303. ಮೂರನೇ ಸಿಲಿಂಡರಿನಲ್ಲಿ ಪೆಟ್ರೋಲು ಸರಿಯಾಗಿ ಉರಿಯುತ್ತಿಲ್ಲ ಎಂದು ಅದರ ಅರ್ಥ. ಕಾರು ನಡುಗುತ್ತಿತ್ತು, ಎರಡು ಮೂರು ದಿನ ಓಡಿಸಿದ ಮೇಲೆ ತಾನೇ ಸರಿಹೋಗುತ್ತಿತ್ತು. ನಾನು ಕೋಡ್ ಅಳಿಸುತ್ತಿದ್ದೆ. ಮುಂದಿನ ತಿಂಗಳು ಮತ್ತೆ ಅದೇ. ಯಾಕೆ ಉರಿಯುತ್ತಿಲ್ಲ ಎಂಬುದನ್ನು ಕೋಡ್ ಹೇಳುವುದಿಲ್ಲ. ಆ ಉತ್ತರವನ್ನು ನಾನು ನನ್ನ ಮೂರನೇ ಕಾಲಮಿನಲ್ಲಿ ಹುಡುಕಿದೆ. ದೀಪ ಹೊತ್ತಿದ ಐದೂ ದಿನ ಓಡಿಸಿದವಳು ಅಕ್ಕ. ಅವಳ ಹೆಸರಿನ ಮುಂದೆ ಐದು ಗೆರೆ ಎಳೆದು ಅಪ್ಪನಿಗೆ ತೋರಿಸಿದೆ.

"ಐದಕ್ಕ ಐದೂ ಈಕೀನೇ ಅದಾಳಲ್ಲೋ! ಗೇರ್ ತಿಕ್ಕಾಡಿ ಗಾಡಿ ಹಾಳ ಮಾಡ್ಯಾಳ," ಎಂದರು ಅಪ್ಪ.

"ದಿನಾ ಓಡಸಾಕಿ ನಾನು. ನೀವು ಐತಾರಕ್ಕೊಮ್ಮೆ ಕುಂದರತೀರಿ. ಮತ್ತ್ಯಾರ ಹೆಸರು ಬರಬೇಕಪ್ಪಾ?" ಎಂದಳು ಅಕ್ಕ.

"ನಾಳಿಯಿಂದ ಬಸ್ಸಿಗೆ ಹೋಗು."

ಅಕ್ಕನಿಗೆ ಲಿಂಗಸುಗೂರಿನ ಒಂದು ರಕ್ತ ತಪಾಸಣೆಯ ಲ್ಯಾಬಿನಲ್ಲಿ ಕೆಲಸ. ಹಟ್ಟಿ ಗಣಿಯಲ್ಲಿ ರಾತ್ರಿ ಪಾಳಿ ಮುಗಿಸಿದವರು ಖಾಲಿ ಹೊಟ್ಟೆಯಲ್ಲಿ ಬಂದು ಕೂತಿರುತ್ತಾರೆ. ಏಳಕ್ಕೆ ಬೀಗ ತೆಗೆಯಬೇಕಾದವಳು ಅವಳೇ. ನಮ್ಮೂರು ಮಸ್ಕಿಯಿಂದ ಬಸ್ಸಿನಲ್ಲಿ ಹೋದ ಐದು ದಿನದಲ್ಲಿ ಎರಡು ಸಲ ತಡವಾಯಿತು. ಇನ್ನೊಮ್ಮೆ ಹೀಗಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದು ಲ್ಯಾಬಿನ ಮಾಲೀಕರು ಹೇಳಿಬಿಟ್ಟರು. ತಡವಾದ ಆ ಎರಡು ದಿನವನ್ನೂ ನಾನು ಬರೆದಿಟ್ಟುಕೊಂಡೆ.

ಶನಿವಾರ, ಅಷ್ಟು ದಿನ ನಿಂತೇ ಇದ್ದ ಕಾರನ್ನು ನಡುಗಿಸುತ್ತಲೇ ಸಿಂಧನೂರಿನ ಒಂದು ಗ್ಯಾರೇಜಿಗೆ ಒಯ್ದೆ. ಅಲ್ಲಿಯ ಮಿಸ್ತ್ರಿ ವಯಸ್ಸಾದವರು. ಮೊಬೈಲಿನಲ್ಲಿದ್ದ ಕೋಡ್ ತೋರಿಸಿ, ನಮ್ಮಕ್ಕ ಓಡಿಸಿದಾಗಲೇ ಬರುತ್ತದೆ ಎಂದೂ ಸೇರಿಸಿದೆ.

"ಇದು ಓಣಿ ಪತ್ತಾ ಅಷ್ಟ ಹೇಳ್ತೈತಿ ತಮ್ಮಾ. ಮನಿ ನಾವ ಹುಡುಕಬೇಕು," ಎಂದು ಅವರು ಮೂರನೇ ಸಿಲಿಂಡರಿನ ಪ್ಲಗ್ಗಿನ ಮೇಲೆ ಕೂತು ಕಿಡಿ ಹೊತ್ತಿಸುವ ಕಾಯಿಲ್ ಕಿತ್ತರು. ಅದರ ತುದಿಯಿಂದ ತುಕ್ಕಿನ ನೀರು ತೊಟ್ಟಿಕ್ಕಿತು. ರಬ್ಬರಿನ ಸುತ್ತ ಏನೋ ಬೆಳ್ಳಗೆ ಗಟ್ಟಿಯಾಗಿ ಅಂಟಿತ್ತು. ಉಗುರಿನಿಂದ ಕೆರೆದು, ಬೆರಳಲ್ಲಿ ಉಜ್ಜಿ ನೋಡಿದರು.

"ಅರೇ, ವಿಭೂತಿ! ಎಂಜಿನ್ನಿಗೂ ದೀಕ್ಷಾ ಕೊಡಿಸೀರೇನ್ ತಮ್ಮಾ?"

ಅಮಾವಾಸ್ಯೆಗೆ ಗಾಡಿ ತೊಳೆದು ಪೂಜೆ ಮಾಡುವುದು ನಮ್ಮ ಕಡೆಯ ರೂಢಿ. ಮನೆಯಲ್ಲಿ ಅದು ನನ್ನ ಪಾಲಿನ ಕೆಲಸ. ಹೊರಗೆ ತೊಳೆದರೆ ಸಾಲದೆಂದು ಬಾನೆಟ್ ಎತ್ತಿ ಪೈಪಿನಿಂದ ಎಂಜಿನ್ ಮೇಲೂ ನೀರು ಬಿಟ್ಟು, ಕಲಸಿದ ವಿಭೂತಿಯನ್ನು ಮೂರು ಬೆರಳಲ್ಲಿ ಎಳೆಯುತ್ತಿದ್ದವನು ನಾನೇ. ಆ ದಿನ ಲ್ಯಾಬಿಗೂ ರಜೆ, ಕಾರು ಹೊರಗೆ ತೆಗೆಯಲು ಅಪ್ಪ ಬಿಡುವುದೂ ಇಲ್ಲ. ನೀರು ಪ್ಲಗ್ಗಿನ ಗುಂಡಿಯಲ್ಲೇ ನಿಂತು ಕಿಡಿ ತಡೆಯುತ್ತಿತ್ತು. ಮರುದಿನ ಮೊದಲು ಚಾಲೂ ಮಾಡುವವಳು ಅಕ್ಕ.

ಗ್ಯಾರೇಜಿನ ಗೋಡೆಯ ಕ್ಯಾಲೆಂಡರಿನ ಹಾಳೆಗಳನ್ನು ಹಿಂದಕ್ಕೆ ಮಗುಚಿದೆ. ಐದು ಅಮಾವಾಸ್ಯೆ, ಐದೂ ಸಲ ಮರುದಿನವೇ ದೀಪ. ಆ ಮರುದಿನಗಳಲ್ಲಿ ಒಂದೂ ಅಪ್ಪ ಓಡಿಸುವ ಭಾನುವಾರವಿರಲಿಲ್ಲ. ಇದ್ದಿದ್ದರೆ ಒಂದು ಗೆರೆ ಅಪ್ಪನ ಹೆಸರಿಗೆ ಬೀಳುತ್ತಿತ್ತು.

"ಇದರ ಸೀಲ್ ಹರದೈತಿ, ಬದಲಿ ಹಾಕ್ತೀನಿ. ನೀರು ಹೊಡದಾವ್ರು ಯಾರು?" ಕೇಳಿದರು ಮಿಸ್ತ್ರಿ.

"ನಾನ್ರೀ."

"ಮತ್ತ ಆ ಫೋನಿನ್ಯಾಗ ಯಾರನ್ನ ಹುಡುಕಾಕತ್ತಿದ್ದಿ?"

ಮನೆಗೆ ಬಂದು ಇಬ್ಬರ ಮುಂದೆಯೂ ಎಲ್ಲ ಹೇಳಿದೆ. ಅಪ್ಪ, "ಹಂಗಂತ ಪೂಜಿ ಬಿಡಾಕ ಆಗ್ತದೇನು?" ಎಂದರು.

"ಪೂಜಿ ಬಿಡ್ರಿ ಅಂದಾರ್ಯಾರು? ನಂಬರ್ ಪ್ಲೇಟಿಗೆ ಹಚ್ರಿ. ಕೀಲಿ ಕೊಡ್ರಿ," ಎಂದಳು ಅಕ್ಕ.

ಅಪ್ಪ ಕೀಲಿಯನ್ನು ಅವಳ ಕೈಗೆ ಕೊಡಲಿಲ್ಲ, ಕಟ್ಟೆಯ ಮೇಲಿಟ್ಟರು. ಅಕ್ಕ ಅದನ್ನೆತ್ತಿಕೊಂಡು ನನ್ನ ನೋಟುಪುಸ್ತಕ ಕೇಳಿದಳು. ತನ್ನ ಹೆಸರಿನ ಗೆರೆಗಳನ್ನು ಉಗುರಿನಿಂದ ಮುಟ್ಟಿ ಮುಟ್ಟಿ ನೋಡಿದಳು.

"ದೀಪ ಹತ್ತಲಾರದ ದಿನಾನೂ ಓಡಿಸೀನಲ್ಲ, ಅದನ್ನ ಎಣಿಸಿಯೇನ್ಲೇ?"

ಎಣಿಸಿರಲಿಲ್ಲ. ಅಲ್ಲೇ ಕೂತು ಎಣಿಸಿದೆ. ನೂರಾ ಹದಿನಾರು.

"ಅಪ್ಪಗ ಕೇಳೂವಂಗ ಹೇಳು."

ಹೇಳಿದೆ. ಅಪ್ಪ ಬೀದಿಯ ಕಡೆ ನೋಡುತ್ತಿದ್ದರು.

ಸೋಮವಾರ ಏಳಕ್ಕೆ ಇನ್ನೂ ಐದು ನಿಮಿಷವಿರುವಾಗ, ಲ್ಯಾಬಿನ ತೆರೆದ ಬಾಗಿಲಿನ ಫೋಟೋ ಒಂದನ್ನು ಅಕ್ಕ ಕಳಿಸಿದಳು. ಅದು ಬಂದದ್ದು ಅಪ್ಪನ ಮೊಬೈಲಿಗೆ, ನನಗಲ್ಲ.