ಲೂಪೆಯ ‘ಡ್ರೈವರ್ ಕಡೆ’

ಅದಕ್ಕೇ ಹೇಳಿದ್ದು, ಲೂಪೆ ಅಕ್ಕ “ನಂಗ್ಯಾಕೆ ಹೊಟ್ಟೆಕಿಚ್ಚು?” ಅಂದರೆ ನಂಬಲೇಬೇಡಿ ಅಂತ. ಹಾಗೆ ಅನ್ನುವಾಗ ಅವಳ ಕೈಯಲ್ಲಿರುವ ಸ್ಪ್ಯಾನರ್ ನೋಡಬೇಕು, ಹಿಡಿದ ಹಿಡಿತಕ್ಕೆ ಅದೇ ಬಗ್ಗುತ್ತದೇನೋ ಅನಿಸುತ್ತದೆ.

ನಮ್ಮ ದ್ವೀಪದ ವೈತೆಲೆಯಲ್ಲಿ ನಮ್ಮ ಮನೆ ಎದುರಿಗೇ ಅವಳ ಕಾರು ರಿಪೇರಿ ಶೆಡ್ಡು. ಅವಳ ಚಿಕ್ಕಮ್ಮ ಮಸೀನಾಳ ಬಿಳಿ ಕಾರು ಅಂದರೆ ಅವಳಿಗೆ ಪ್ರಾಣ. ಉಪ್ಪುಗಾಳಿಗೆ ಅರ್ಧ ತುಕ್ಕು ತಿಂದ ಮುದಿ ಕಾರು ಅದು. ಬೇರೆ ಯಾರೂ ಅದರ ಬಾನೆಟ್ ಎತ್ತಿದ್ದನ್ನು ನಾನು ನೋಡೇ ಇರಲಿಲ್ಲ, ರೋಪಾತಿ ಬರುವವರೆಗೂ.

ರೋಪಾತಿ ಲೂಪೆಯ ದೊಡ್ಡಮ್ಮನ ಮಗ. ಕಡಲಾಚೆ ಆಕ್ಲೆಂಡಿನ ಗ್ಯಾರೇಜಿನಲ್ಲಿ ಕೆಲಸ ಮಾಡಿ ವಾಪಸ್ ಬಂದಿದ್ದ. ಬಂದ ಭಾನುವಾರವೇ ಊಟಕ್ಕೆ ಕೂತಾಗ ಚಿಕ್ಕಮ್ಮ ಮೀನಿನ ತಲೆ ಅವನ ತಟ್ಟೆಗೆ ಹಾಕಿದಳು. ಅದು ಯಾವಾಗಲೂ ಲೂಪೆಗೆ ಬರುತ್ತಿದ್ದ ತಲೆ! ಲೂಪೆ ಅವತ್ತು ತಾರೋ ಗಡ್ಡೆ ಬಿಟ್ಟು ಇನ್ನೇನೂ ಮುಟ್ಟಲಿಲ್ಲ.

ಆಮೇಲೆ ನಡೆದದ್ದು ಕೇಳಿ. ಲೂಪೆ ಆ ಕಾರಿನ ಮುಂದಿನ ಎರಡು ಚಕ್ರಗಳನ್ನು ಕಚ್ಚಿ ನಿಲ್ಲಿಸುವ ಬ್ರೇಕ್ ಕ್ಯಾಲಿಪರ್ ಬಿಚ್ಚಿ, ಉಜ್ಜಿ, ಹೊಸ ರಬ್ಬರ್ ಹಾಕಿಟ್ಟಿದ್ದಳು. ಎಡ ಯಾವುದು ಬಲ ಯಾವುದು ಅನ್ನೋ ಗುರುತಿಗೆ ಒಂದಕ್ಕೆ ಕೆಂಪು ಬಟ್ಟೆ ಕಟ್ಟಿದ್ದಳು. ಅಷ್ಟರಲ್ಲಿ ಪಕ್ಕದ ಸವಾಯಿ ದ್ವೀಪದಲ್ಲಿ ನೆಂಟರೊಬ್ಬರು ತೀರಿಕೊಂಡರೆಂದು ದೋಣಿ ಹತ್ತಿದಳು. ಚಿಕ್ಕಮ್ಮನಿಗೆ ಕಾರು ಬೇಕಾಯಿತು, ಫೋನ್ ಮಾಡಿದಳು. “ಕೆಂಪು ಬಟ್ಟೆದು ಡ್ರೈವರ್ ಕಡೆ” ಅಂದಳು ಲೂಪೆ, ಹಲ್ಲು ಕಚ್ಚಿಕೊಂಡೇ. ರೋಪಾತಿ ಜೋಡಿಸಿದ.

ಅವಳು ವಾಪಸ್ ಬಂದಾಗ ಶನಿವಾರ. ಬ್ರೇಕ್ ಪೆಡಲ್ ಕೊಳೆತ ಬಾಳೆಹಣ್ಣು ತುಳಿದ ಹಾಗೆ ಕೆಳಗಿಳಿಯುತ್ತಿತ್ತು. ರೋಪಾತಿ ಬ್ರೇಕ್ ಆಯಿಲಿನೊಳಗೆ ಸೇರಿದ ಗಾಳಿಯನ್ನು ಮತ್ತೆ ಮತ್ತೆ ತೆಗೆದು ಬೆವತುಹೋಗಿದ್ದ.

“ಆಕ್ಲೆಂಡ್ ಸಾಹೇಬ್ರೇ, ಅಲ್ಲಿ ಬ್ರೇಕ್ ಹಾಕೋದು ಹೀಗೇನಾ, ಕಾಲು ಕೆಳಗಿಟ್ಟು?”

“ಅಕ್ಕ, ಆಯಿಲ್ ತಳ್ಳೋ ಮಾಸ್ಟರ್ ಸಿಲಿಂಡರ್ ಹೋಗಿದೆ. ಬದಲಾಯಿಸ್ಬೇಕು.”

ಚಿಕ್ಕಮ್ಮ ಜಗಲಿಯಿಂದ, “ನಾಳೆ ಚರ್ಚಿಗೆ ಹೋಗೋಷ್ಟರಲ್ಲಿ ಅವ್ನು ಸರಿ ಮಾಡಿದ್ರೆ ಇನ್ಮೇಲೆ ಕಾರು ಅವ್ನೇ ನೋಡ್ಕೊಳ್ಲಿ ಲೂಪೆ. ನಿಂಗೂ ಸುಸ್ತು” ಅಂದಳು.

ಪ್ರೀತಿಯಿಂದಲೇ ಅಂದಳು, ಪಾಪ. ಲೂಪೆಯ ಮುಖ ನೋಡಲಾಗಲಿಲ್ಲ.

ನೆಟ್ಟಗೆ ಹೋಗಿ ಕಾರಿನಲ್ಲಿ ಕೂತಳು. ಪೆಡಲ್ ಒಮ್ಮೆ ಒತ್ತಿದಳು, ಮೆತ್ತಗೆ ಇಳಿಯಿತು. ಪಟಪಟ ಒತ್ತಿದಳು, ಮೇಲೆ ಬಂದು ಗಟ್ಟಿಯಾಯಿತು. ಹಾಗೇ ಒತ್ತಿ ಹಿಡಿದಳು, ಇಳಿಯಲಿಲ್ಲ. “ಸಿಲಿಂಡರ್ ಹೋಗಿದ್ರೆ ಕಾಲ ಕೆಳಗೇ ಜಾರ್ತಿತ್ತು ಕಣೋ. ಇದು ಗಾಳಿ!”

“ಗಾಳಿ ಎಲ್ಲಾ ತೆಗ್ದಿದೀನಲ್ಲ!”

ಆಯಿಲ್ ಡಬ್ಬಿ ತುಂಬಿತ್ತು, ಎಲ್ಲೂ ಸೋರಿರಲಿಲ್ಲ. ಚಕ್ರ ಬಿಚ್ಚಿಸಿ ಬಗ್ಗಿ ನೋಡಿದವಳು ಕುಣಿದೇಬಿಟ್ಟಳು. “ಚಿಕ್ಕಮ್ಮಾ, ಬಾ ನೋಡು! ಗಾಳಿ ಬಿಡೋ ನಿಪ್ಪಲ್ ಕೆಳಗಿದೆ! ಗಾಳಿ ಮೇಲೆ ಕೂತಿದೆ, ಬಾಗ್ಲು ಕೆಳಗೆ. ನೂರು ಸಲ ತೆಗೆದ್ರೂ ಬರೀ ಆಯಿಲ್ ಬರತ್ತೆ. ನಿನ್ನ ಮೀನಿನ ತಲೆ ಮಗ ಎಡಗಡೇದು ಬಲಕ್ಕೆ, ಬಲಗಡೇದು ಎಡಕ್ಕೆ ಹಾಕಿದಾನೆ!”

“ನೀನೇ ಹೇಳಿದ್ಯಲ್ಲ ಅಕ್ಕ, ಕೆಂಪು ಬಟ್ಟೆದು ಡ್ರೈವರ್ ಕಡೆ ಅಂತ!”

“ಹೌದು ಮತ್ತೆ! ಡ್ರೈವರ್ ಕಡೆ ಅಂದ್ರೆ ಇದಲ್ವೇನೋ?” ಅಂತ ಕಾರಿನ ಎಡಗಡೆ ಬಾಗಿಲಿಗೆ ರಪ್ಪಂತ ಬಡಿದಳು.

ಎಲ್ಲರೂ ಕಾರಿನೊಳಗೆ ಇಣುಕಿದರು. ಸ್ಟಿಯರಿಂಗ್ ಇದ್ದದ್ದು ಬಲಗಡೆ.

ಲೂಪೆ ಕೆಲಸ ಕಲಿತ ಕಾಲಕ್ಕೆ ನಮ್ಮ ಕಾರುಗಳ ಸ್ಟಿಯರಿಂಗ್ ಎಡಗಡೆ ಇರುತ್ತಿತ್ತು. ಆಮೇಲೆ ಸರ್ಕಾರ ಒಂದು ಬೆಳಿಗ್ಗೆ ಎಲ್ಲರನ್ನೂ ರಸ್ತೆಯ ಆ ಬದಿಯಿಂದ ಈ ಬದಿಗೆ ದಾಟಿಸಿತು, ಕಾರುಗಳೂ ಬದಲಾದವು. ಅವಳ ಬಾಯಿ ಮಾತ್ರ ಇನ್ನೂ ಹಳೇ ಬದಿಯಲ್ಲೇ ಓಡುತ್ತಿತ್ತು.

ಚಿಕ್ಕಮ್ಮ ನಕ್ಕೂ ನಕ್ಕೂ ಜಗಲಿಯ ಕಂಬ ಹಿಡಿದುಕೊಂಡಳು. ರೋಪಾತಿ ನಗಲು ಹೆದರಿ ನೆಲ ನೋಡುತ್ತಿದ್ದ.

“ನಗೋ, ನಗು!” ಅಂದಳು ಲೂಪೆ. “ನಕ್ಕು ಮುಗಿಸಿ ಬಂದು ಪೆಡಲ್ ಒತ್ತು. ನಿಪ್ಪಲ್ ನಾನೇ ಬಿಡಿಸ್ತೀನಿ. ನೀನು ಮುಟ್ಬೇಡ.”

ಇಬ್ಬರೂ ಸೇರಿ ಕ್ಯಾಲಿಪರ್ ಅದಲುಬದಲು ಮಾಡಿ, ಗಾಳಿ ತೆಗೆದರು. ಪೆಡಲ್ ಕಲ್ಲಿನ ಹಾಗಾಯಿತು. ಕಾರು ಇನ್ನು ಯಾರ ಪಾಲು ಅಂತ ಲೂಪೆ ಬಾಯಿಬಿಟ್ಟು ಕೇಳಲಿಲ್ಲ, ಒರೆಸಿದ ಕೈಯನ್ನೇ ಒರೆಸುತ್ತಾ ನಿಂತಳು. “ನೋಡೋಳು ನೀನೇ ಕಣೇ” ಅಂದಳು ಚಿಕ್ಕಮ್ಮ. “ಆದ್ರೆ ಪೆಡಲ್ ಒತ್ತೋಕೆ ಅವ್ನೂ ಬೇಕಲ್ಲ? ನಾಳೆ ಅವ್ನೇ ಓಡಿಸ್ಲಿ.”

ಲೂಪೆಗೆ ಅದನ್ನೂ ತಡೆಯಲಾಗಲಿಲ್ಲ. ಭಾನುವಾರ ಎಲ್ಲರಿಗಿಂತ ಮೊದಲು ಬಿಳಿ ಬಟ್ಟೆ ಉಟ್ಟು, ಹ್ಯಾಟ್ ಹಾಕಿಕೊಂಡು, ಮುಂದಿನ ಎಡಗಡೆ ಸೀಟಿನಲ್ಲಿ ಕೂತುಬಿಟ್ಟಿದ್ದಳು. ಚಿಕ್ಕಮ್ಮ ಯಾವಾಗಲೂ ಕೂರುವ ಜಾಗ ಅದು. “ನೀನು ಹಿಂದೆ ಕೂತ್ಕೊ ಚಿಕ್ಕಮ್ಮ. ಇದು ಡ್ರೈವರ್ ಕಡೆ.”

ವೈತೆಲೆ ಕಡೆ ಬಂದರೆ ಆ ಶೆಡ್ಡಿಗೆ ಹೋಗಿ, ಅವಳನ್ನು ಕಂಡು ಮಾತಾಡಿಸಿಕೊಂಡೇ ಬನ್ನಿ. ರೋಪಾತಿ ಚೆನ್ನಾಗಿದಾನಾ ಅಂತ ಮೊದಲೇ ಕೇಳಬೇಡಿ. ಅವಳೇನಾದರೂ ಡ್ರೈವರ್ ಕಡೆ ಬಾ ಅಂದರೆ, ಎಡಗೈ ಕಡೆಯೋ ಬಲಗೈ ಕಡೆಯೋ ಅಂತ ಮಾತ್ರ ಕೇಳಿಬಿಡಿ.