ಎರಡು ತೂತಿನ ಕಾಸು

ಕೊಡುವುದರಲ್ಲಿ ನನಗೆ ಸೊಕ್ಕು ಜಾಸ್ತಿ. ತಗೊಳ್ಳುವುದರಲ್ಲಿ ಅದಕ್ಕಿಂತ ಜಾಸ್ತಿ. ಮದುವೆಯಾಗಿ ಬಂದ ಮೊದಲ ವರ್ಷದಲ್ಲೇ ನಮ್ಮತ್ತೆ ಇದನ್ನು ಕಂಡುಹಿಡಿದಿದ್ದರು. ಬಳ್ಳಾರಿಯ ನಾಣ್ಯದ ಹುಚ್ಚಿನವರಿಗೆ ಗೊತ್ತಾಗಲು ಒಂದು ಭಾನುವಾರ ಸಾಕಾಯಿತು.

ನಾನು ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದವಳು. ಬಳ್ಳಾರಿಯಿಂದ ಸಿರುಗುಪ್ಪ, ಬಳ್ಳಾರಿಯಿಂದ ಕುರುಗೋಡು, ಈ ಎರಡು ದಾರಿಗಳಲ್ಲೇ ನನ್ನ ನೌಕರಿಯ ಬಹುಪಾಲು ಕಳೆಯಿತು. ಹೆಗಲಲ್ಲಿ ಚೀಲ, ಚೀಲದ ತುಂಬ ಚಿಲ್ಲರೆ. ಅದರೊಳಗೆ ಕೈಯಾಡಿಸುವಾಗ ಬೆರಳಿಗೇ ತಿಳಿಯುತ್ತಿತ್ತು, ಇದು ದಿನಾ ಸಿಗುವ ನಾಣ್ಯವಲ್ಲ ಅಂತ. ಹೂವಿನ ಎಸಳಿನಂತೆ ಅಂಚಿದ್ದ ಹತ್ತು ಪೈಸೆ, ಖಡ್ಗಮೃಗದ ನಾಲ್ಕಾಣೆ, ಯಾವುದೋ ವರ್ಷದ ಹಬ್ಬಕ್ಕೆಂದು ಹೊಡೆಸಿದ ದಪ್ಪ ಐದು ರೂಪಾಯಿ. ಹಾಗೆಂದು ಸುಮ್ಮನೆ ಎತ್ತಿಟ್ಟುಕೊಳ್ಳುವಂತಿರಲಿಲ್ಲ. ಕಂಡಕ್ಟರು ತನ್ನ ಸ್ವಂತ ದುಡ್ಡು ಎಷ್ಟಿದೆ ಅಂತ ಡ್ಯೂಟಿಗೆ ಹೋಗುವ ಮುಂಚೆಯೇ ಬರೆಸಬೇಕು. ದಾರಿಯಲ್ಲಿ ತನಿಖೆಯವರು ಹತ್ತಿದಾಗ ಚೀಲದಲ್ಲಿ ಹೆಚ್ಚುಕಡಿಮೆ ಕಂಡರೆ ಮಾನ ಹೋಗುತ್ತದೆ. ನಾನು ದಿನಾ ಸ್ವಲ್ಪ ಸ್ವಂತ ಚಿಲ್ಲರೆ ಬರೆಸಿಯೇ ಹೊರಡುತ್ತಿದ್ದೆ. ಬೇಕಾದ ನಾಣ್ಯ ಸಿಕ್ಕಿದರೆ ಅಷ್ಟೇ ಬೆಲೆಯ ನನ್ನ ನಾಣ್ಯ ಚೀಲಕ್ಕೆ ಹಾಕಿ, ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದೆ. ಈ ಹುಚ್ಚು ಪ್ರಯಾಣಿಕರಿಗೂ ಗೊತ್ತಾಯಿತು. ಕೊಳಗಲ್ಲಿನ ಒಬ್ಬ ಅಜ್ಜಿ ಸಂಚಿಯಿಂದ ಹಳೆಯ ಒಂದು ಪೈಸೆ ತೆಗೆದು, "ತಗೋ ಕಂಡಕ್ಟರವ್ವ, ಟಿಕೀಟಿನ ರೊಕ್ಕ ಬ್ಯಾರೆ ಕೊಡ್ತೀನಿ, ಇದು ನಿನ್ನ ಹುಚ್ಚಿಗೆ" ಅಂದಿದ್ದಳು. ಬಸ್ಸೆಲ್ಲ ನಕ್ಕಿತ್ತು. ನಾನೂ ನಕ್ಕಿದ್ದೆ.

ನಿವೃತ್ತಿಗೆ ಇನ್ನೂ ಸುಮಾರು ವರ್ಷಗಳಿರುವಾಗ ಬಳ್ಳಾರಿಯ ಬ್ರೂಸ್‌ಪೇಟೆಯ ನಾಣ್ಯದ ಗುಂಪಿನ ಸುದ್ದಿ ತಿಳಿಯಿತು. ಅಲ್ಲಿ ಒಂದು ಬಟ್ಟೆ ಅಂಗಡಿಯ ಮೇಲೆ ಉದ್ದನೆಯ ಕೋಣೆ. ಅಂಗಡಿಯ ಸಾಹುಕಾರರಿಗೂ ಇದೇ ಹುಚ್ಚು. ಭಾನುವಾರ ಬೆಳಿಗ್ಗೆ ಬಟ್ಟೆಯ ಥಾನುಗಳನ್ನು ಗೋಡೆಗೆ ಸರಿಸಿ ಜಮಖಾನ ಹಾಸುತ್ತಾರೆ; ಎಲ್ಲರೂ ಆಲ್ಬಮ್ಮು, ಭೂತಗನ್ನಡಿ ಹಿಡಿದು ಕೂರುತ್ತಾರೆ. ಒಬ್ಬರಿಗೊಬ್ಬರು ಮಾರುವ ಮಾತೇ ಇಲ್ಲ. ಒಂದೇ ನಾಣ್ಯ ಎರಡಿದ್ದವರು ಇಲ್ಲದವರಿಗೆ ಒಂದನ್ನು ಕೊಡುತ್ತಾರೆ. ಹೊಸಬರು ಬಂದರಂತೂ ಎಲ್ಲರೂ ಒಂದೊಂದು ಕೊಡಬೇಕು.

ನಾನು ಹೋದ ದಿನ ಅಲ್ಲಿದ್ದ ಹೆಂಗಸು ನಾನೊಬ್ಬಳೇ. ಬಾಗಿಲ ಹತ್ತಿರ ಕೂತೆ. ಒಬ್ಬೊಬ್ಬರೇ ನಾಣ್ಯ ಕೊಡುತ್ತ ಬಂದರು. ಕುರುಗೋಡಿನಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟಿರುವ ಒಬ್ಬರ ಸರದಿ ಬಂತು. ಅವರು ಡಬ್ಬಿಯಿಂದ ಒಂದೇ ಥರದ ಎರಡು ನಾಣ್ಯ ತೆಗೆದರು, ಕನ್ನಡಕದ ಮೇಲಿಂದ ನೋಡಿದರು, ಚೆನ್ನಾಗಿದ್ದುದನ್ನು ಡಬ್ಬಿಗೆ ವಾಪಸ್ ಹಾಕಿ, ಮುಖ ಸವೆದು ಬೋಳಾಗಿದ್ದುದನ್ನು ನನ್ನ ಕಡೆಗೆ ಜಾರಿಸಿದರು.

"ತಗೊಳ್ರಿ ಅಕ್ಕಾರ. ಹೆಣ್ಮಕ್ಕಳಿಗೆ ಇಷ್ಟು ಸಾಕು. ಹೆಂಗೂ ಹುಣಸೆಹಣ್ಣು ಹಚ್ಚಿ ತಿಕ್ಕಿ ದೇವರ ಮುಂದ ಇಡೋರು ನೀವು."

ಎಲ್ಲರೂ ನಕ್ಕರು. ನಾಣ್ಯ ಕೂಡಿಸುವವರಿಗೆ ತಿಕ್ಕಿದ ನಾಣ್ಯ ಅಂದರೆ ಸತ್ತ ನಾಣ್ಯ. ವರ್ಷಗಟ್ಟಲೆ ಕೂತು ಬಂದ ಕಂದು ಬಣ್ಣವೇ ಅದರ ಚರ್ಮ; ಅದನ್ನು ಉಜ್ಜಿ ತೆಗೆದರೆ ಮತ್ತೆ ಬರುವುದಿಲ್ಲ. ಇದು ನನಗೂ ಗೊತ್ತಿತ್ತು. ನನ್ನ ಮೈ ಉರಿದದ್ದು ಹುಣಸೆಹಣ್ಣಿನ ಮಾತಿಗಲ್ಲ, ಒಳ್ಳೆಯದನ್ನು ನನ್ನ ಕಣ್ಣೆದುರೇ ಡಬ್ಬಿಗೆ ಹಾಕಿಕೊಂಡದ್ದಕ್ಕೆ. ತುಂಬಿದ ಬಸ್ಸಿನಲ್ಲಿ ಹಿಂದಿನ ಸೀಟಿಗೆ ಕೇಳುವಂತೆ ಕೂಗಿ ರೂಢಿಯಾದ ಗಂಟಲು ನನ್ನದು.

"ಅಣ್ಣಾರ, ನಿಮ್ಮ ಮನ್ಯಾಗ ಹೆಣ್ಮಕ್ಕಳಿಗೆ ಉಡಿ ತುಂಬೋವಾಗ ಮುಕ್ಕಾದ ಕೊಬ್ಬರಿ ಬಟ್ಲ ಹಾಕ್ತೀರೇನ್ರಿ? ಕೊಳೆತ ಎಲಿ ಇಡ್ತೀರೇನ್ರಿ? ಎರಡಿದ್ರ ಚಲೋದು ಉಡಿಗೆ, ಮುಕ್ಕಾದ್ದು ಮನಿಗೆ. ಕೊಡೋದಂದ್ರ ಹಂಗ ಕೊಡಬೇಕು. ಇಲ್ಲಾಂದ್ರ ಡಬ್ಬಿ ಮುಚ್ಚಿ ಸುಮ್ನ ಕುಂಡರಬೇಕು."

ಕುರುಗೋಡಿನವರ ಕಿವಿ ಕೆಂಪಾದದ್ದು ನನಗೆ ಈಗಲೂ ನೆನಪಿದೆ. ಬೋಳು ನಾಣ್ಯವನ್ನು ವಾಪಸ್ ಎಳೆದುಕೊಂಡು, ಡಬ್ಬಿಯಿಂದ ಒಳ್ಳೆಯದನ್ನು ತೆಗೆದು ನನ್ನ ಮುಂದಿಟ್ಟರು. ಬಟ್ಟೆ ಅಂಗಡಿಯ ಸಾಹುಕಾರರು, "ಅಕ್ಕಾರ ಅಂದದ್ದು ಖರೇ ಐತಿ. ಇವತ್ತಿಂದ ಇದು ನಮ್ಮ ಕಾಯ್ದೆ" ಅಂದರು. ನಾನು ಬ್ರೂಸ್‌ಪೇಟೆಯ ಸಂದಿಗಳಲ್ಲಿ ತಲೆ ಎತ್ತಿಕೊಂಡು ಮನೆಗೆ ಬಂದೆ. ನನ್ನ ಮಾತು ಕಾಯ್ದೆಯಾಗಿತ್ತಲ್ಲ! ನೌಕರಿಯಲ್ಲಿ ಬರೀ ಬೇರೆಯವರ ಕಾಯ್ದೆಗಳನ್ನೇ ಪಾಲಿಸಿದವಳು ನಾನು.

ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಕಾಯ್ದೆ ನನ್ನ ಕಡೆಗೇ ತಿರುಗಿದ್ದು ಈಚೆಗೆ, ನಿವೃತ್ತಿಯಾದ ಮೇಲೆ.

ನಮ್ಮ ಗುಂಪಿನಲ್ಲಿ ತೂತಿನ ಕಾಸಿನ ಮೇಲೆ ಎಲ್ಲರಿಗೂ ಪ್ರೀತಿ. ಬ್ರಿಟಿಷರ ಕೊನೆಗಾಲದ ತಾಮ್ರದ ಕಾಸು ಅದು. ನಡುವೆ ಬಳೆಯಂತೆ ದುಂಡನೆಯ ತೂತು, ಮೇಲೆ ಕಿರೀಟ, ಹಿಂದೆ ಎಲೆಬಳ್ಳಿ. ಚಲಾವಣೆ ನಿಂತ ಮೇಲೂ ನಮ್ಮ ಕಡೆಯ ತಾಯಂದಿರು ಅದನ್ನು ಬಿಡಲಿಲ್ಲ. ದೃಷ್ಟಿಯಾಗದಿರಲಿ ಅಂತ ಕೂಸುಗಳ ಉಡದಾರಕ್ಕೆ ಪೋಣಿಸುತ್ತಿದ್ದರು. ವರ್ಷಕ್ಕೊಂದರಂತೆ ಅದರ ಪೂರ್ತಿ ಸಾಲು ಕೂಡಿಸುವುದು ನಮ್ಮೆಲ್ಲರ ಆಸೆ. ಅದರಲ್ಲಿ ಒಂದು ವರ್ಷದ್ದು ಮಾತ್ರ ಯಾರ ಕೈಗೂ ಸಿಕ್ಕಿರಲಿಲ್ಲ. ಕುರುಗೋಡಿನವರು ಉಳಿದದ್ದೆಲ್ಲ ಕೂಡಿಸಿ, ಆಲ್ಬಮ್ಮಿನಲ್ಲಿ ಆ ಒಂದು ಕಿಸೆಯನ್ನು ಖಾಲಿ ಬಿಟ್ಟುಕೊಂಡು ವರ್ಷಗಳಿಂದ ಕಾದಿದ್ದರು.

ಆ ವರ್ಷದ ಕಾಸು ನನ್ನ ಮನೆಯಲ್ಲೇ ಇತ್ತು. ಒಂದಲ್ಲ, ಎರಡು. ನಮ್ಮತ್ತೆ ನನ್ನ ಗಂಡನ ಉಡದಾರಕ್ಕೆಂದು ಎರಡು ಕಾಸು ತಂದಿದ್ದರಂತೆ. ಒಂದನ್ನು ಕಟ್ಟಿದರು, ಮಗ ದೊಡ್ಡವನಾದ ಮೇಲೆ ಅದು ದೇವರ ಮನೆಯ ಲಕ್ಷ್ಮಿಯ ತಟ್ಟೆಗೆ ಬಂತು. ಇನ್ನೊಂದು ಅವರ ಸೀರೆಯ ಟ್ರಂಕಿನ ತಳದಲ್ಲಿ, ಹಾಸಿದ ಕಾಗದದ ಅಡಿ ಮರೆತೇ ಹೋಗಿತ್ತು. ಟ್ರಂಕು ಬಿಸಿಲಿಗೆ ಹಾಕಿದ ದಿನ ನನ್ನ ಕೈಗೆ ಸಿಕ್ಕಿತು. ಹದವಾಗಿ ಕಾಯಿಸಿದ ಬೆಲ್ಲದ ಬಣ್ಣ, ಕಿರೀಟದ ಒಂದೊಂದು ಮಣಿಯೂ ಎಣಿಸುವ ಹಾಗಿತ್ತು. ತಟ್ಟೆಯಲ್ಲಿದ್ದ ಅದರ ಜೋಡಿಯನ್ನು ತೆಗೆದು ನೋಡಿದರೆ ಅದೂ ಅದೇ ವರ್ಷದ್ದು. ಆದರೆ ಪ್ರತಿ ದೀಪಾವಳಿಗೆ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿ ತಿಕ್ಕಿ ಅದರ ಕಿರೀಟ ಕರಗಿಹೋಗಿತ್ತು. ಹೌದು, ಕುರುಗೋಡಿನವರು ಆಡಿದ ಮಾತು ನಮ್ಮ ಮನೆಯ ಮಟ್ಟಿಗೆ ಸುಳ್ಳಾಗಿರಲಿಲ್ಲ.

ನಾನು ಮಾಡಿದ ದಡ್ಡತನವೆಂದರೆ ಜಂಬಕ್ಕೆ ಎರಡನ್ನೂ ಗುಂಪಿಗೆ ಒಯ್ದದ್ದು. ಜಮಖಾನದ ಮೇಲೆ ಇಟ್ಟೆ. ಎಲ್ಲರೂ ಬಗ್ಗಿದರು, ಹಾ ಅಂದರು, ಭೂತಗನ್ನಡಿ ಕೈಯಿಂದ ಕೈಗೆ ಹೋಯಿತು. ಆಮೇಲೆ ಒಬ್ಬೊಬ್ಬರೇ ತಲೆ ಎತ್ತಿದರು. ಎಲ್ಲರ ಕಣ್ಣು ಕುರುಗೋಡಿನವರ ಕಡೆಗೆ ಹೋಗಿ, ಅಲ್ಲಿಂದ ನನ್ನ ಕಡೆಗೆ ಬಂತು. ಎರಡಿವೆ, ಇಲ್ಲದವರು ಎದುರಿಗೇ ಕೂತಿದ್ದಾರೆ, ಒಳ್ಳೆಯದು ಯಾವುದೆಂದು ಕುರುಡರಿಗೂ ಗೊತ್ತು. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾದೆ ನಾನು. ಕುರುಗೋಡಿನವರು ತಿಕ್ಕಿದ ಕಾಸನ್ನೂ ನೋಡಿದರು. ಹಳೆಯ ಮಾತನ್ನು ಎತ್ತಿ ನಗಬಹುದಿತ್ತು. ನಗಲಿಲ್ಲ, ಏನನ್ನೂ ಕೇಳಲಿಲ್ಲ. ಆಲ್ಬಮ್ಮು ಮುಚ್ಚಿ ತೊಡೆಯ ಮೇಲೆ ಇಟ್ಟುಕೊಂಡರು.

"ಇವು ನಮ್ಮತ್ತೀವು. ಅವರನ್ನ ಕೇಳಿ ನಾನ ಕುರುಗೋಡಿಗೆ ಬಂದು ಕೊಡ್ತೀನಿ" ಅಂದೆ. ಯಾವುದನ್ನು ಅಂತ ಹೇಳಲಿಲ್ಲ.

ಮನೆಗೆ ಬಂದು ಅತ್ತೆಯ ಮುಂದೆ ಎರಡನ್ನೂ ಇಟ್ಟು ನಡೆದದ್ದೆಲ್ಲ ಹೇಳಿದೆ. ಅವರಿಗೆ ವಯಸ್ಸು ಎಂಬತ್ತು ದಾಟಿದೆ, ಮಾತಿನ ಹಲ್ಲು ಮಾತ್ರ ಒಂದೂ ಉದುರಿಲ್ಲ. ಕಂದು ಕಾಸನ್ನು ತೋರಿಸಿ, "ಈ ಕರೇದನ್ನ ಕೊಡ್ತೀಯೇನ ಅವರಿಗೆ? ನಾಚಿಕಿ ಬರಂಗಿಲ್ಲೇನು ನಿನಗ? ಕೊಡೋದಿದ್ರ ಹೊಳಿಯೋದನ್ನ ಕೊಡು. ಚಲೋದು ಅದಽ" ಅಂದರು.

ಆ ಕ್ಷಣ ನನಗೆ ದಾರಿ ಸಿಕ್ಕಿತು. ಹಿರಿಯರ ಕಣ್ಣಿಗೆ ಹೊಳೆಯುವುದೇ ಒಳ್ಳೆಯದು; ನಾಣ್ಯವೂ ಅವರದೇ. ಅತ್ತೆಯ ಮಾತು ಮೀರಲಿಲ್ಲ ಅಂದರೆ ಗುಂಪಿನವರೂ ಸುಮ್ಮನಾಗುತ್ತಾರೆ. ಕಾಯ್ದೆಯೂ ಉಳಿಯಿತು, ಕಾಸೂ ಉಳಿಯಿತು. ಎಷ್ಟು ಸಲೀಸು! ಮನಸ್ಸಿಗೆ ಮಾತ್ರ ಸಲೀಸಾಗಲಿಲ್ಲ. ಇಡೀ ಸಂಜೆ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ.

ಕುರುಗೋಡಿಗೆ ಹೊರಡುವ ದಿನ ಸ್ನಾನ ಮಾಡಿ ಬಂದರೆ ಅತ್ತೆ ಹಿತ್ತಿಲ ಕಲ್ಲಿನ ಮೇಲೆ ಕೂತಿದ್ದಾರೆ. ಪಕ್ಕದಲ್ಲಿ ಬಟ್ಟಲು, ಬಟ್ಟಲಲ್ಲಿ ನೆನೆಸಿದ ಹುಣಸೆಹಣ್ಣು. ಎಡಗೈಯಲ್ಲಿ ಆ ಕಂದು ಕಾಸು, ಬಲಗೈ ಬೆರಳು ಆಗಲೇ ಬಟ್ಟಲಿಗೆ ಇಳಿದಿತ್ತು.

"ಅತ್ತೀ!" ಅಂತ ನಾನು ಕೂಗಿದ ಕೂಗಿಗೆ ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ಇಣುಕಿದರು. ಒದ್ದೆ ಕಾಲಲ್ಲೇ ಓಡಿ ಕಾಸು ಕಿತ್ತುಕೊಂಡೆ.

"ಅಯ್ಯ ನನ್ನವ್ವ, ಏನಾತು? ನೀ ಇದನ್ನ ಕೊಡಾಕಿ ಅಂತ ನಿನ್ನ ಮುಖ ನೋಡಿದ್ರ ಗೊತ್ತಾಗ್ತೈತಿ. ಕೊಡೋ ಸಾಮಾನು ಹೊಲಸಾಗಿ ಇರಬಾರದಂತ ತೊಳ್ಯಾಕ ಕುಂತಿದ್ದೆ" ಅಂದರು ಅವರು.

ನಾನು ಸೆರಗಿನಲ್ಲಿ ಕಾಸು ಒರೆಸುತ್ತ ನಿಂತೆ. ಯಾವುದನ್ನು ಕೊಡುತ್ತೇನೆ ಅಂತ ನನಗೇ ಗೊತ್ತಿಲ್ಲದಾಗ ಅತ್ತೆಗೆ ಗೊತ್ತಿತ್ತು. ಜೀವವೇ ಬಾಯಿಗೆ ಬಂದಂತೆ ಓಡಿದೆನಲ್ಲ, ಒಳ್ಳೆಯದು ಯಾವುದು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕೇ? ಇನ್ನು ಹೊಳೆಯುವುದನ್ನು ಒಯ್ದು, ಇದೇ ಒಳ್ಳೆಯದು ಅನ್ನಲು ನಾಲಿಗೆ ಏಳುತ್ತಿರಲಿಲ್ಲ. ಕಂದು ಕಾಸನ್ನು ಹತ್ತಿಯಲ್ಲಿ ಸುತ್ತಿ, ಕುಂಕುಮದ ಖಾಲಿ ಡಬ್ಬಿಯಲ್ಲಿಟ್ಟು ಹೊರಟೆ.

ಬಸ್ಸಿನಲ್ಲಿ ಈಗ ಹೆಂಗಸರಿಗೆ ಟಿಕೆಟ್ಟಿಗೆ ದುಡ್ಡಿಲ್ಲ. ಕಂಡಕ್ಟರ್ ಹುಡುಗಿ ನನ್ನ ಆಧಾರ್ ಕಾರ್ಡು ನೋಡಿ ಮೆಷಿನ್ನಿನಿಂದ ಚೀಟಿ ಹರಿದು ಕೊಟ್ಟಳು. ಗಂಡಸರು ಫೋನು ತೋರಿಸಿ ದುಡ್ಡು ಕೊಡುತ್ತಿದ್ದರು. ಅವಳ ಚೀಲ ಹಗುರವಾಗಿತ್ತು. ನನ್ನಂಥವಳಿಗೆ ಈ ಬಸ್ಸಿನಲ್ಲಿ ಇನ್ನು ಒಂದು ನಾಣ್ಯವೂ ಹುಟ್ಟುವುದಿಲ್ಲ ಅನ್ನಿಸಿತು. ಡಬ್ಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಕುರುಗೋಡಿನ ಬೆಟ್ಟದ ಬಂಡೆಗಳು ಬಿಸಿಲಿಗೆ ಕಾದಿದ್ದವು. ಅಂಗಡಿಯ ಹಿಂದೆಯೇ ಅವರ ಮನೆ. ಪಡಸಾಲೆಯಲ್ಲಿ ಕೂತು ಡಬ್ಬಿ ತೆರೆದು ಮುಂದಿಟ್ಟೆ. ಅವರು ಭೂತಗನ್ನಡಿ ತರಲಿಲ್ಲ, ಬರಿಗಣ್ಣಿಗೇ ಗೊತ್ತಾಗಿತ್ತು.

"ಅಕ್ಕಾರ, ಆ ಇನ್ನೊಂದು ಕೊಟ್ಟಿದ್ರೂ ನಾ ತಗೊಳ್ತಿದ್ದೆ" ಅಂದರು.

"ನೀವು ತಗೊಳ್ತಿದ್ರಿ ಅಣ್ಣಾರ. ನಾ ಕೊಡ್ತಿದ್ದಿಲ್ಲ" ಅಂದೆ.

ಅವರು ಅಂಚಿನಲ್ಲಿ ಹಿಡಿದು ಆ ಖಾಲಿ ಕಿಸೆಯೊಳಗೆ ಅದನ್ನು ಇಳಿಸಿದರು. ಅರವತ್ತು ದಾಟಿದ ಗಂಡಸು, ಕಣ್ಣೊರೆಸಿಕೊಂಡರು. ಹೊಟ್ಟೆಯುರಿ ಆಗಲಿಲ್ಲವೇ ಅಂದರೆ, ಆಯಿತು. ಆ ಕಾಸು ನನ್ನ ಕೈಯಿಂದ ಹೋದದ್ದಕ್ಕೆ ಸಂಕಟವಾಯಿತು. ಆದರೆ ಆ ಸಂಕಟದ ಮೇಲೆ ಕೂತು ನನ್ನ ಹೆಮ್ಮೆ ಮೀಸೆ ತಿರುವುತ್ತಿತ್ತು. ಕೊಟ್ಟವಳು ನಾನು, ನನ್ನ ಮಾತಿನಂತೆಯೇ ಕೊಟ್ಟವಳು. ಹೊರಡುವಾಗ ಅವರ ಹೆಂಡತಿ ನನಗೆ ಉಡಿ ತುಂಬಿದರು. ಕೊಬ್ಬರಿ ಬಟ್ಟಲುಗಳನ್ನು ತಿರುಗಿಸಿ ತಿರುಗಿಸಿ ನೋಡಿ ದುಂಡಗಿನದನ್ನೇ ಆರಿಸಿ ಹಾಕಿದರು.

ನನ್ನ ಆಲ್ಬಮ್ಮಿನಲ್ಲಿ ಈಗ ಆ ವರ್ಷದ ಜಾಗದಲ್ಲಿ ಹುಣಸೆಹಣ್ಣಿನ ಕಾಸಿದೆ. ದೀಪಾವಳಿಗೆ ತೆಗೆದು ಅತ್ತೆಯ ಕೈಗೆ ಕೊಡುತ್ತೇನೆ, ತಿಕ್ಕಿ ವಾಪಸ್ ಕೊಡುತ್ತಾರೆ. ಯಾರಾದರೂ ನಕ್ಕರೆ ನಗಲಿ.

ಮೊನ್ನೆಯ ಭಾನುವಾರ ಸಿರುಗುಪ್ಪದಿಂದ ಒಬ್ಬಳು ಹೊಸಬಳು ಬಂದಿದ್ದಳು. ಅಕ್ಕಿ ಗಿರಣಿಯ ಆಫೀಸಿನಲ್ಲಿ ಕೆಲಸವಂತೆ. ನಾನು ಮೊದಲ ದಿನ ಕೂತಿದ್ದ ಬಾಗಿಲ ಹತ್ತಿರದ ಜಾಗದಲ್ಲೇ ಕೂತಿದ್ದಳು. ಎಲ್ಲರೂ ಒಂದೊಂದು ಕೊಟ್ಟರು. ಕುರುಗೋಡಿನವರು ಡಬ್ಬಿಯಿಂದ ಎರಡು ತೆಗೆದರು, ಕನ್ನಡಕದ ಮೇಲಿಂದ ನೋಡಿದರು, ಸವೆದದ್ದನ್ನು ಡಬ್ಬಿಗೆ ಹಾಕಿ, ಒಳ್ಳೆಯದನ್ನು ಅಂಗೈ ಮೇಲಿಟ್ಟು ಅವಳತ್ತ ಚಾಚಿದರು.

"ಚಲೋದು ನೀವು ಇಟ್ಕೊಳ್ರಿ ಅಣ್ಣಾರ, ನಾ ಹೊಸಬಾಕಿ" ಅಂದಳು ಆಕೆ, ಸಂಕೋಚದಿಂದ.

"ತಗೊಳವ್ವ ತಂಗಿ. ಉಡಿಯೊಳಗ ಮುಕ್ಕಾದ್ದು ಹಾಕಬಾರದು. ಎರಡಿದ್ರ ಚಲೋದು ಉಡಿಗೆ, ಮುಕ್ಕಾದ್ದು ಮನಿಗೆ. ನಮ್ಮ ಅಜ್ಜಿ ಹೇಳ್ತಿದ್ಲು."

ಅಜ್ಜಿಯಂತೆ! ಬಟ್ಟೆ ಅಂಗಡಿಯ ಸಾಹುಕಾರರು ನನ್ನ ಮುಖ ನೋಡಿದರು. ಇನ್ನೊಬ್ಬರು ಬಾಯಿಗೆ ಟವೆಲ್ಲು ಒತ್ತಿಕೊಂಡು ನಗು ತಡೆದರು. ನನಗೆ ಸಿಟ್ಟು ನಾಲಿಗೆಯ ತುದಿಗೆ ಬಂತು. ಕುರುಗೋಡಿನವರ ಕಡೆ ನೋಡಿದೆ. ಅವರು ಸುಳ್ಳು ಹೇಳುತ್ತಿರಲಿಲ್ಲ. ನಿಜವಾಗಿಯೂ ಹಾಗೆಂದೇ ನಂಬಿದ್ದರು. ಆ ಮಾತು ಅವರ ಮನೆಯ ಮಾತೇ ಆಗಿಹೋಗಿತ್ತು. ಸಿರುಗುಪ್ಪದ ಹೆಣ್ಣುಮಗಳು ನಾಣ್ಯವನ್ನು ಎರಡೂ ಕೈಯಲ್ಲಿ ತಗೊಂಡಳು.

ನಾನು ಬಾಯಿ ಮುಚ್ಚಿಕೊಂಡು ಕೂತೆ. ಎರಡಿದ್ದರೆ ಒಳ್ಳೆಯದನ್ನು ಕೊಡಬೇಕು ಅನ್ನುವುದಷ್ಟೇ ನಮ್ಮ ಕಾಯ್ದೆ. ಆ ಮಾತು ನನ್ನ ಹತ್ತಿರ ಒಂದೇ ಒಂದಿತ್ತು. ಅದನ್ನೂ ಕೊಟ್ಟೆ.