ಸೊಪ್ಪಿನಜ್ಜಿಯ ಗಂಟಲು

ಸೊಪ್ಪಿನಜ್ಜಿಯ ಗಂಟಲು ಸಾಮಾನ್ಯದ್ದಲ್ಲ. ಬೀದಿಯ ತುದಿಯಲ್ಲಿ ನಿಂತು ಒಂದು ಸಲ ಕೂಗಿದರೆ ಮೂರನೇ ಮಹಡಿಯ ಹೆಂಗಸರು ಬುಟ್ಟಿಗೆ ಹಗ್ಗ ಕಟ್ಟಿ ಇಳಿಬಿಡುತ್ತಿದ್ದರು. ಗಂಡ ಸತ್ತ ಮೇಲೆ ಅದೇ ಗಂಟಲಿನಿಂದ ಒಬ್ಬನೇ ಮಗನನ್ನು ಸಾಕಿದಳು. ಅವನೋ, ತಳ್ಳುಗಾಡಿಯಲ್ಲಿ ಸೊಪ್ಪಿನ ಕಟ್ಟುಗಳ ನಡುವೆ, ಅಮ್ಮ ಎಷ್ಟು ಕೂಗಿದರೂ ಹಾಯಾಗಿ ಗೊರಕೆ ಹೊಡೆಯುತ್ತಿದ್ದ.

ಮಂಡಿನೋವಿಗೆ ಕಾಲು ಸೋತ ಮೇಲೆ ಅವಳು ಗಾಡಿ ಮಾರಿ ಮಗನ ಮನೆ ಸೇರಿದಳು. ಈಗ ಅದೇ ಮಗನಿಗೆ ಚಮಚ ಬಿದ್ದರೂ ಎಚ್ಚರವಾಗುತ್ತದಂತೆ! ಅವನು ರಾತ್ರಿಯೆಲ್ಲ ಬೇಕರಿಯ ಒಲೆ ಮುಂದೆ ಬೆಂದು ಹಗಲು ಮಲಗುವವನು. ಹಿಂದೊಮ್ಮೆ ನಿದ್ದೆಗೆಟ್ಟು ಕೈ ಸುಟ್ಟುಕೊಂಡಿದ್ದ. ಆಮೇಲೆ ಸೊಸೆ ಕುರ್ಚಿಯ ಕಾಲುಗಳಿಗೆ ಹಳೇ ಬಟ್ಟೆ ಸುತ್ತಿದಳು, ಕುಕ್ಕರನ್ನು ಅಟ್ಟಕ್ಕೇರಿಸಿದಳು. ಮೂರು ವರ್ಷದ ಮಗಳು ಬಾಯಿ ತೆರೆದರೆ ಸಾಕು, ಅಮ್ಮನ ಬೆರಳು ತುಟಿಯ ಮೇಲೆ. "ಶ್! ಅಪ್ಪ ಮಲಗಿದ್ದಾರೆ."

ಹೀಗೆ ಬೆಳೆದ ಮಗು ಪಿಸುಗುಟ್ಟುವುದನ್ನಷ್ಟೇ ಕಲಿಯಿತು. ಮಾತೆಲ್ಲ ಬರುತ್ತಿತ್ತು, ದನಿ ಇರಲಿಲ್ಲ. ಬಿದ್ದು ಮಂಡಿ ತರಚಿದರೂ ಕಣ್ಣಲ್ಲಿ ನೀರು, ಬಾಯಿಗೆ ಅಡ್ಡ ಪುಟ್ಟ ಕೈ. "ಎಂಥ ಸಾಧು ಮಗು!" ಎಂದು ಬಂದವರೆಲ್ಲ ಹೊಗಳುತ್ತಿದ್ದರು. ಅಜ್ಜಿಗೆ ಮೈ ಉರಿಯುತ್ತಿತ್ತು. ಮಗನ ಮನೆಯಲ್ಲಿ ಉಂಡುಕೊಂಡಿರುವಾಗ ತನಗೇಕೆ ಉಸಾಬರಿ ಎಂದು ಬಾಯಿಗೆ ಬೀಗ ಹಾಕಿಕೊಂಡಿದ್ದಳು.

ಒಂದು ಮಧ್ಯಾಹ್ನ ಅಜ್ಜಿ ಶಿಶುವಿಹಾರದಿಂದ ಕರೆತರಲು ಹೋದರೆ ಮಗುವೇ ಇಲ್ಲ. ಎಲ್ಲೆಡೆ ಹುಡುಕಿ ಕೊನೆಗೆ ಆಯಾ ಚಾಪೆಗಳ ಕೋಣೆಯ ಚಿಲಕ ತೆಗೆದಳು. ಬೆಳಿಗ್ಗೆ ಮಗು ಆಡುತ್ತ ಒಳಗೆ ಹೋದದ್ದನ್ನು ನೋಡದೆ ಚಿಲಕ ಹಾಕಿದವಳೂ ಅವಳೇ. ಮಗು ಕತ್ತಲಲ್ಲಿ ನಿಂತಿತ್ತು. ಚಡ್ಡಿ ಒದ್ದೆ. ಬಾಗಿಲು ತೆರೆದ ಮೇಲೂ ತುಟಿ ಅಲುಗುತ್ತಲೇ ಇತ್ತು. ಅಜ್ಜಿ ಬಗ್ಗಿ ಕಿವಿಗೊಟ್ಟಳು.

"ಬಾಗಿಲು ತೆಗೀರಿ... ಬಾಗಿಲು ತೆಗೀರಿ..."

"ಒಂಚೂರೂ ಅಳಲಿಲ್ಲ ನೋಡಿ, ಜಾಣೆ!" ಎಂದಳು ಟೀಚರ್.

"ಅಳಲಿಲ್ಲ ಅಂತ ಹೊಗಳ್ತೀರಾ? ನಾಚಿಕೆ ಆಗಲ್ವಾ ನಿಮಗೆ? ಒಂದು ಮಗು ಇಲ್ಲ ಅನ್ನೋದೂ ನಿಮ್ಮ ಕಣ್ಣಿಗೆ ಬೀಳಲಿಲ್ವಾ?"

ಅಜ್ಜಿಯ ಆ ಅಬ್ಬರಕ್ಕೆ ಅಲ್ಲಿದ್ದ ಮಕ್ಕಳೆಲ್ಲ ಬೆಚ್ಚಿ ಗೋಳೋ ಎಂದು ಅತ್ತವು. "ನೋಡಿ, ಮಕ್ಕಳು ಅಂದ್ರೆ ಹೀಗಿರ್ಬೇಕು," ಎಂದು ಅಜ್ಜಿ ಮಂಡಿನೋವನ್ನೂ ಮರೆತು ಮೊಮ್ಮಗಳನ್ನು ಸೊಂಟಕ್ಕೇರಿಸಿಕೊಂಡು ಹೊರಟಳು.

ದಾರಿಯುದ್ದಕ್ಕೂ ಸಿಟ್ಟು ಇಳಿಯಲಿಲ್ಲ. ಟೀಚರ್ ಮೇಲೆ, ಮಗನ ಮೇಲೆ, ಸೊಸೆಯ ಮೇಲೆ, ಎಲ್ಲ ನೋಡಿಯೂ ತೆಪ್ಪಗಿದ್ದ ತನ್ನ ಮೇಲೆ. ನಾಳೆ ಯಾರಾದರೂ ಈ ಮಗುವಿನ ಮೈಮೇಲೆ ಕೈ ಹಾಕಿದರೆ? ಕೂಗಲಾದರೂ ಬರಬೇಡವೇ?

ಮನೆಯಲ್ಲಿ ಮಗನ ಕೋಣೆ ಎಂದಿನಂತೆ ಮುಚ್ಚಿತ್ತು. ಅಜ್ಜಿ ಮಗುವನ್ನು ಆ ಬಾಗಿಲ ಮುಂದೆಯೇ ಇಳಿಸಿದಳು. "ಅಲ್ಲಿ ಹೇಳಿದ್ಯಲ್ಲ ಪುಟ್ಟಿ, ಅದನ್ನೇ ಹೇಳು. ಅಪ್ಪನಿಗೆ ಕೇಳೋ ಹಾಗೆ."

ಸೊಸೆ ಓಡಿಬಂದಳು. "ಅತ್ತೆ, ದಮ್ಮಯ್ಯ, ಅವರಿನ್ನೂ ಮಲಗಿದ್ದಾರೆ!"

"ಮಲಗಿದ್ರೆ ಏಳ್ತಾನೆ ಬಿಡು. ನಿನ್ನ ಮಗಳು ಬೆಳಗ್ಗಿಂದ ಕತ್ತಲೆ ಕೋಣೇಲಿ ಬಿದ್ದಿದ್ಲು, ಗೊತ್ತಾ? ಕೂಗೋಕೆ ಬರದೆ!"

ತುಟಿಗೆ ಹೋಗುತ್ತಿದ್ದ ಸೊಸೆಯ ಬೆರಳು ಅರ್ಧದಲ್ಲೇ ನಿಂತಿತು.

ಮಗು ಆ ಬೆರಳನ್ನೇ ನೋಡುತ್ತ ಪಿಸುಗುಟ್ಟಿತು. ಅಜ್ಜಿ ನೆಲದ ಮೇಲೆ ಕುಳಿತು, ಮಗುವಿನ ಕೈಯನ್ನು ತನ್ನ ಹೊಟ್ಟೆಯ ಮೇಲಿಟ್ಟುಕೊಂಡು, ಎಷ್ಟೋ ದಿನಗಳ ಮೇಲೆ ಗಂಟಲು ಬಿಚ್ಚಿದಳು. "ಸೊಪ್ಪೋ ಸೊಪ್ಪೂ!" ಕಿಟಕಿಯ ಗಾಜು ಅದುರಿತು. ಸೊಸೆ ಕಣ್ಣು ಮುಚ್ಚಿಕೊಂಡಳು.

ಒಳಗಿನ ಗೊರಕೆ ನಿಲ್ಲಲೇ ಇಲ್ಲ.

ಸೊಸೆ ಕುರ್ಚಿಯ ಕಾಲಿಗೆ ಸುತ್ತಿದ್ದ ಬಟ್ಟೆಯನ್ನು ನೋಡಿದಳು, ಮಗಳನ್ನು ನೋಡಿದಳು. ಅವಳ ಬೆರಳು ಕೆಳಗಿಳಿಯಿತು. ಮಗು ತನ್ನ ಹೊಟ್ಟೆ ಮುಟ್ಟಿಕೊಂಡು ಉಸಿರೆಳೆಯಿತು.

"ಬಾಗಿಲು ತೆಗೀರೀ!"

ಒಡಕು ದನಿ, ಕೊನೆಯಲ್ಲಿ ಕೀರಲು. ಗೊರಕೆ ಫಕ್ಕನೆ ನಿಂತಿತು. ಬಾಗಿಲು ತೆರೆದು ಮಗ ಕಣ್ಣುಜ್ಜುತ್ತ ಹೊರಬಂದ.

"ಯಾರ ಮಗು ಅಮ್ಮ, ಹಾಗೆ ಕೂಗಿದ್ದು?"

"ನಿನ್ನದೇ ಕಣೋ," ಎಂದಳು ಅಜ್ಜಿ.